ಕನ್ನಡ ಬಲ್ಲ ನಾಯಿಗೆ ಒಂದು ಮನೆ

ಅಕ್ಕಲಕೋಟದಿಂದ ಆ ಫೋನು ಬಂದಾಗ ನಾನು ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿನಲ್ಲಿ ಟವೆಲ್ ಗಂಟುಗಳನ್ನು ಲಾರಿಗೆ ಏರಿಸುತ್ತಿದ್ದೆ. ಏರಿಸುವವರು ಹಮಾಲರು, ಯಾವ ಗಂಟು ಯಾವ ಊರಿಗೆ ಎಂದು ಕೂಗುವುದಷ್ಟೇ ನನ್ನ ಕೆಲಸ. ಆ ಗದ್ದಲದ ನಡುವೆ ಫೋನಿನಲ್ಲಿ ಒಬ್ಬ ಗಂಡಸಿನ ದನಿ.

"ಅಕ್ಕಾರ, ನಾಯಿ ಒಯ್ಯೋರು ನೀವ ಏನ್ರಿ?"

ನನ್ನ ಕಿವಿಗೆ ಮೊದಲು ಬಿದ್ದದ್ದು ನಾಯಿಯ ಸುದ್ದಿಯಲ್ಲ, ಕನ್ನಡ. ಇಂಥ ಫೋನುಗಳು ಸಾಮಾನ್ಯವಾಗಿ ಮರಾಠಿಯಲ್ಲೇ ಬರುತ್ತವೆ.

"ಹೌದ್ರಿ. ಏನಾಗೈತಿ?"

"ತಡವಳದಾಗ ನಮ್ಮ ತೊಗರಿ ಹೊಲದ ಬದುವಿಗೆ ಬಂದು ಬಿದ್ದೈತ್ರಿ. ಯಾವದೋ ಗಾಡಿ ಹೊಡದು ಹೋಗೈತಿ. ಹಿಂದಿನ ಕಾಲ ಎಳೀತೈತಿ. ಬಿಟ್ಟು ಹೋಗಾಕ ಮನಸ್ಸಾಗಲಿಲ್ರಿ. ಮೋಟರ್ ಸೈಕಲ್ ಮ್ಯಾಲ ಅಕ್ಕಲಕೋಟಕ್ಕ ತಂದೀನಿ, ಸ್ಟ್ಯಾಂಡಿನ ಹತ್ರ ನಿಂತೀನಿ."

"ಕಡೀತೈತೇನ್ರಿ?"

"ಕಡ್ಯಾಕ ತಾಕತ್ತರೆ ಎಲ್ಲಿ ಐತ್ರಿ ಅದಕ್ಕ? ಹಾಲು ಕುಡಿಸೀನಿ. ಲಗೂ ಬರ್ರಿ, ಊರಾಗ ಮಗ್ಗಲದ ಹೊಲದವರು ನನ್ನ ದಾರಿ ಕಾಯಾಕತ್ತಾರ."

ರಸ್ತೆಯಲ್ಲಿ ಗಾಯಗೊಂಡ ನಾಯಿಗಳನ್ನು ಎತ್ತಿ ತಂದು ಔಷಧ ಮಾಡಿಸುವ ಒಂದು ಸಣ್ಣ ಗುಂಪು ನಮ್ಮದು, ಸೊಲ್ಲಾಪುರದಲ್ಲಿ. ವಾಸಿಯಾದ ನಾಯಿಗೆ ಕಾಯಂ ಮನೆ ಸಿಗುವವರೆಗೆ ಅದನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಫಾಸ್ಟರ್ ಎನ್ನುತ್ತಾರೆ. ನಾನು ಫಾಸ್ಟರ್. ಮದುವೆಯಾಗಿಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲ, ಆದ್ದರಿಂದ ಬೇಡ ಎನ್ನುವವರೂ ಇಲ್ಲ. ಗುಂಪು ನಡೆಸುವ ಹುಡುಗಿಗೆ ನನ್ನಲ್ಲಿ ಬಹಳ ಹಿಡಿಸಿರುವ ಗುಣ ಇದೊಂದೇ ಎಂದು ನನ್ನ ಗುಮಾನಿ.

ಅರ್ಧ ದಿನ ರಜೆ ಹಾಕಿ ಬಸ್ಸು ಹಿಡಿದೆ. ಆ ರೈತ ಸ್ಟ್ಯಾಂಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಗೊಬ್ಬರದ ಚೀಲದಿಂದ ಒಂದು ಕಂದು ತಲೆ ಹೊರಗೆ ಬಂದಿತ್ತು, ಒಂದು ಕಿವಿ ಮಡಚಿತ್ತು. ಹೆಣ್ಣು ನಾಯಿ. ಚೀಲವನ್ನು ನನ್ನ ಕೈಗೆ ಕೊಟ್ಟವನು ಗಾಡಿ ಚಾಲೂ ಮಾಡಿ, ಮತ್ತೆ ಬಂದ್ ಮಾಡಿ, ಅದರ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೋದ. ವಾಪಸು ಬರುವಾಗ ಸೀಟು ತುಂಬಿಸಿಕೊಂಡು ಹೋಗುವ ವಡಾಪ್ ಜೀಪಿನವನು ನಾಯಿಯನ್ನು ಹತ್ತಿಸುವುದಿಲ್ಲ ಎಂದ. ನಾನು ಇಳಿಯುವುದಿಲ್ಲ ಎಂದೆ. ಒಳಗಿದ್ದವರು ಬೇಗ ಹೊರಡಿ ಎಂದು ಅವನಿಗೇ ಬೈದರು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಸೊಲ್ಲಾಪುರದವರೆಗೆ ಬಂದೆ.

ಡಾಕ್ಟರು ಎಕ್ಸ್‌ರೇ ತೆಗೆದರು. ಎಡ ತೊಡೆಯ ಮೂಳೆ ಮುರಿದಿತ್ತು. ಒಳಗೆ ರಾಡು ಹಾಕಬೇಕು. ಆದರೆ ಅವರು ಅದರ ತುಟಿ ಎತ್ತಿ ವಸಡು ನೋಡಿದರು, ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಜ್ವರ ಬಂತು. ಉಣ್ಣೆ ಕಚ್ಚಿ ಬರುವ ಈ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿದುಹೋಗುತ್ತವೆ. ಹಾಗಿರುವಾಗ ಕತ್ತರಿ ಹಾಕಿದರೆ ರಕ್ತ ನಿಲ್ಲುವುದಿಲ್ಲ. ಮೊದಲು ಜ್ವರ, ಆಮೇಲೆ ಕಾಲು ಎಂದರು. ಅಲ್ಲಿಯವರೆಗೆ ಮುರಿದ ಕಾಲಿನ ನಾಯಿಯನ್ನು ಅಲ್ಲಾಡದಂತೆ ಇಡುವುದು ನನ್ನ ಪಾಲಿಗೆ ಬಂತು.

ಮಂಚದ ಕೆಳಗೆ ಮೂರು ಕಡೆ ಹಲಗೆ ಕಟ್ಟಿ ಗೂಡು ಮಾಡಿದೆ. ಮಾತ್ರೆಯನ್ನು ಹೊಟ್ಟೆ ತುಂಬಿದ ಮೇಲೆ ಕೊಡಬೇಕು, ಇಲ್ಲದಿದ್ದರೆ ವಾಂತಿ. ಹಾಲಿನ ಜೊತೆ ಕೊಟ್ಟರೆ ಔಷಧ ಮೈಗೆ ಹತ್ತುವುದಿಲ್ಲ. ಆ ರೈತ ಪ್ರೀತಿಯಿಂದ ಹಾಲಿನ ರುಚಿ ಹತ್ತಿಸಿಬಿಟ್ಟಿದ್ದ. ಇವಳಿಗೆ ಹಾಲಿಲ್ಲದ ಭಕ್ರಿ ಕಂಡರೆ ಮುಖ ತಿರುಗುತ್ತಿತ್ತು. ಕೊನೆಗೆ ಹುರಿದ ಶೇಂಗಾ ಅರೆದು ಉಂಡೆ ಮಾಡಿ ಅದರೊಳಗೆ ಮಾತ್ರೆ ಹುದುಗಿಸಿದೆ. ಉಂಡೆ ತಿಂದು ಮಾತ್ರೆಯನ್ನು ಮಾತ್ರ ನನ್ನ ಕಾಲ ಮುಂದೆ ಉಗುಳಿದಳು, ತೊಗೊ ನಿನ್ನ ಸಾಮಾನು ಎನ್ನುವ ಹಾಗೆ. ಆಮೇಲೆ ಎರಡು ಖಾಲಿ ಉಂಡೆ ಕೊಟ್ಟು, ಮೂರನೆಯದರಲ್ಲಿ ಮಾತ್ರೆ ಇಟ್ಟು, ನಾಲ್ಕನೆಯದನ್ನು ಕೂಡಲೇ ಮೂಗಿನ ಮುಂದೆ ಹಿಡಿಯುವ ಉಪಾಯ ಕಂಡುಕೊಂಡೆ. ನಾಲ್ಕನೆಯದರ ಆಸೆಗೆ ಮೂರನೆಯದನ್ನು ನುಂಗಿಬಿಡುತ್ತಿದ್ದಳು.

ಕಣಗಳು ಏರಿದ ಮೇಲೆ ಆಪರೇಶನ್ ಆಯಿತು. ನಿಜವಾದ ದುಡಿಮೆ ಶುರುವಾದದ್ದು ಅದಾದ ಮೇಲೆ. ರಾಡು ಹಾಕಿದ ಕಾಲಿನ ಮೇಲೆ ಭಾರ ಬೀಳಬಾರದು, ಆದರೆ ಕಾಲು ಮರಗಟ್ಟಲೂಬಾರದು. ಗೋದಾಮಿನಲ್ಲಿ ಅಂಚು ಸೊಟ್ಟಾಗಿ ಮಾರಾಟಕ್ಕೆ ಹೋಗದ ಉದ್ದ ಟವೆಲ್ಲುಗಳಿರುತ್ತವೆ. ಅಂಥದೊಂದನ್ನು ಅವಳ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಮೇಲೆ ಹಿಡಿದು, ಹಿಂಭಾಗವನ್ನು ತುಸು ಎತ್ತಿಕೊಂಡು ಅಂಗಳದಲ್ಲಿ ನಡೆಸುತ್ತಿದ್ದೆ. ಸೊಂಟ ಅವಳದು ಗಟ್ಟಿಯಾಯಿತು, ನನ್ನದು ಹೋಯಿತು.

"ಸಾವಕಾಶ... ಸಾವಕಾಶ, ತಂಗಿ. ಹಾಂ, ಇಡು ಕಾಲು. ಛಲೋ ಆತು. ನಿಂದ್ರು. ಕುಂದ್ರು ಈಗ."

ನಾನು ಯಾವ ನಾಯಿಗೂ ಹೆಸರಿಡುವುದಿಲ್ಲ. ಹೆಸರಿಡುವುದು ಸಾಕುವವರ ಹಕ್ಕು. ಹೆಣ್ಣಾದರೆ ತಂಗಿ, ಗಂಡಾದರೆ ತಮ್ಮ. ಹಾಸಿಗೆಗೆ ಹತ್ತಿಸುವುದಿಲ್ಲ. ನನಗೆ ಅಂಟಿಕೊಂಡಷ್ಟೂ ಮುಂದಿನ ಮನೆಗೆ ಹೊಂದುವುದು ಅದಕ್ಕೇ ಕಷ್ಟ. ಇಷ್ಟೆಲ್ಲ ಎಚ್ಚರವಿದ್ದವಳಿಗೆ ಒಂದು ವಿಷಯ ಮಾತ್ರ ಹೊಳೆದಿರಲಿಲ್ಲ. ಡಾಕ್ಟರು, ಇವಳು ಹೆದರಿದ್ದಾಳೆ, ಮಾತಾಡುತ್ತ ಇರಿ ಎಂದಿದ್ದರು. ನಾನು ಮಾತಾಡಿದೆ. ಕನ್ನಡದಲ್ಲಿ ಮಾತಾಡಿದೆ, ಬೆಳಗಿನಿಂದ ಬೈಗಿನವರೆಗೆ.

ಅವ್ವ ಹೋದಾಗಿನಿಂದ ನನ್ನ ಮನೆಯಲ್ಲಿ ಕನ್ನಡ ಕೇಳುವವರು ಇರಲಿಲ್ಲ. ನಾನು ಕಂದಲಗಾಂವದ ಕಡೆಯ ಕನ್ನಡ ಸಾಲಿಯಲ್ಲಿ ಓದಿದವಳು. ಗೋದಾಮಿನಲ್ಲಿ ಮರಾಠಿ, ಲಾರಿಯವರ ಜೊತೆ ಹಿಂದಿ, ಓಣಿಯ ನೇಕಾರರ ಮನೆಗಳಲ್ಲಿ ತೆಲುಗು. ಪುಣೆಯಲ್ಲಿರುವ ನನ್ನ ತಮ್ಮ, ತನ್ನ ಮಕ್ಕಳಿಗೆ ತಿಳಿಯಲಿ ಎಂದು ಮರಾಠಿಗೆ ಇಳಿದವನು, ಮಕ್ಕಳು ದೊಡ್ಡವರಾದರೂ ಮತ್ತೆ ಕನ್ನಡಕ್ಕೆ ಹತ್ತಿ ಬರಲಿಲ್ಲ. ಅವ್ವ ಇದ್ದಾಗ ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಮಾತು ಶುರು ಆಗುತ್ತಿತ್ತು. ಈಗ ತಂಗಿಗೆ ಹೇಳುತ್ತಿದ್ದೆ: ಇವತ್ತು ಲಾರಿ ತಡ ಆತು, ಹಮಾಲರ ಮುಕಾದಮ ಸಿಟ್ಟಾಗ್ಯಾನ, ಬದನಿಕಾಯಿ ತುಟ್ಟಿ ಆಗ್ಯಾವ. ಅವಳು ಮಡಚಿದ ಕಿವಿಯನ್ನು ನನ್ನ ಕಡೆಗೇ ತಿರುಗಿಸಿ ಕೇಳುತ್ತಿದ್ದಳು. ನನಗೆ ಅಷ್ಟು ಸುಖವಾಗುತ್ತಿತ್ತು ಎಂದು ಬರೆಯಲು ಈಗ ನಾಚಿಕೆಯೇನೂ ಇಲ್ಲ.

ಕಾಲು ಕೂಡಿತು, ತುಸು ಕುಂಟು ಉಳಿಯಿತು. ಮರಿಯಾಗದಂತೆ ಆಪರೇಶನ್ ಮಾಡಿಸಿ, ಚುಚ್ಚುಮದ್ದು ಮುಗಿಸಿ, ಮೊಬೈಲಿನಲ್ಲಿ ಫೋಟೊ ಹಾಕಿದೆವು. ಕೇಳಿದವರೆಲ್ಲ ಮರಿ ಇದೆಯೇ, ಗಂಡಿದೆಯೇ, ಜಾತಿ ನಾಯಿ ಇದೆಯೇ ಎಂದವರೇ. ಒಬ್ಬರಿಗೆ ತೋಟ ಕಾಯಲು ಬೇಕಿತ್ತು. ಸರಪಳಿ ಎಷ್ಟು ಉದ್ದ ಎಂದು ಕೇಳಿದ್ದಕ್ಕೆ ಆತ ಸಿಟ್ಟಿಗೆದ್ದ, ನಾನು ಫೋನಿಟ್ಟೆ. ಕುಂಟು ಹೆಣ್ಣಿಗೆ ವರ ಹುಡುಕಿದ ಹಾಗಾಯಿತು ನಮ್ಮ ಪಾಡು.

ಆಗ ಒಬ್ಬ ಹೆಂಗಸು ಮರಾಠಿಯಲ್ಲಿ ಫೋನು ಮಾಡಿದಳು. ಹಳೆಯ ಪೇಟೆಯ ಕಾಳಿನ ವ್ಯಾಪಾರಿಗಳ ಮನೆಯ ಸೊಸೆ. ಕುಂಟಿದರೂ ಅಡ್ಡಿಯಿಲ್ಲ, ಆ ಮುಖ ಬಹಳ ಹಿಡಿಸಿದೆ ಎಂದಳು. ಮನೆ ನೋಡಲು ಹೋದೆ. ಗೇಟಿನ ಎತ್ತರ, ಮಾಳಿಗೆಯ ಗೋಡೆ, ನಾಯಿ ಮಲಗುವ ಜಾಗ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಲ್ಲವನ್ನೂ ನಾವು ನೋಡುತ್ತೇವೆ. ಗುಂಪಿನ ಹುಡುಗಿಯ ಕಟ್ಟಪ್ಪಣೆ ಇನ್ನೊಂದಿದೆ: ನಾಯಿಯ ಮುಂದೆ ತಾಟು ಇಡುವವರು ಯಾರೋ ಅವರ ಜೊತೆಗೇ ಕೂತು ಮಾತಾಡಬೇಕು.

ಬಾಗಿಲು ತೆರೆದವರು ಅತ್ತೆ. ನನ್ನ ಅಡ್ಡಹೆಸರು ಕೇಳಿದ್ದೇ ಅವರ ಮುಖ ಅರಳಿತು.

"ನಮ್ಮವರ ಏನವಾ ನೀ! ಬಾ, ಒಳಗ ಬಾ. ನಂದು ತವರಮನಿ ಇಂಡಿ ಕಡೆ. ನಮ್ಮ ಮನ್ಯಾಗ ಎಲ್ಲಾ ಕನ್ನಡನ ನೋಡು. ಮಗಾ ಹೊರಗ ಮರಾಠಿ, ಹೊಸ್ತಲಾ ದಾಟಿದಾ ಅಂದ್ರ ಕನ್ನಡ. ಸೊಸಿ ಸಾತಾರಾದಾಕಿ, ಆಕಿಗೊಂದು ಬರಾಂಗಿಲ್ಲ. ಕಲೀತಾಳ ಸಾವಕಾಶ."

"ನಾಯಿನೂ ಕನ್ನಡದ್ದ ಐತ್ರಿ," ಎಂದೆ. ಇಬ್ಬರೂ ನಕ್ಕೆವು.

ಕೂತುಬಿಟ್ಟೆ. ಇಂಡಿ ನಿಂಬೆಹಣ್ಣು, ಸಜ್ಜಿ ಭಕ್ರಿ, ಯಾರ ಮನೆಯ ಸೊಸೆ ಯಾವ ಊರಿನವಳು ಎಂದು ಮಾತು ಎಲ್ಲೆಲ್ಲೋ ಹರಿಯಿತು. ಅವ್ವ ಹೋದಾಗಿನಿಂದ ಕೂಡಿಬಿದ್ದ ಎರಡು ವರ್ಷದ ಮಾತನ್ನು ನಾನು ಆ ಸೋಫಾದ ಮೇಲೆ ಸುರಿದೆ. ಸೊಸೆ ಎರಡು ಕಪ್ಪು ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಚಹಾ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೇಳಿದೆ. ಅವಳ ಜೊತೆ ನಾನು ಆಡಿದ್ದು ಅಷ್ಟೇ. ನಾಯಿಗೆ ಕನ್ನಡದ ಮನೆ ಸಿಕ್ಕಿತೆಂದು ಕುಣಿಯುತ್ತ ಬಂದೆ, ಮರುದಿನವೇ ಒಯ್ದು ಬಿಟ್ಟೆ.

ನಾಯಿ ಹೊಂದುತ್ತದೋ ಇಲ್ಲವೋ ನೋಡಲೆಂದು ಗುಂಪು ಇಟ್ಟ ಅವಧಿ ಮುಗಿಯುವ ಮೊದಲೇ, ಒಂದು ಭಾನುವಾರ ಮುಂಜಾನೆ, ರಿಕ್ಷಾ ಬಂದು ನಿಂತಿತು. ಸೊಸೆ ಇಳಿದಳು, ಹಿಂದೆ ತಂಗಿ. ನನ್ನನ್ನು ನೋಡಿ ತಂಗಿ ಕುಂಟುಗಾಲು ಮರೆತು ಓಡಿ ಬಂದಳು. ನನಗೆ ಪಿತ್ತ ಕೆರಳಿತು. ನಾಯಿಯೇನು ಸೀರೆಯೇ, ಉಟ್ಟು ನೋಡಿ ಅಂಗಡಿಗೆ ವಾಪಸು ಕೊಡಲು ಎಂದು ಮರಾಠಿಯಲ್ಲೇ ಬೈದೆ. ಅವಳು ಕಟ್ಟೆಯ ಮೇಲೆ ಕೂತು ಸೆರಗು ಹಿಂಡುತ್ತ ಹೇಳಿದಳು. ಹೇಳಿದ್ದೆಲ್ಲ ಮರಾಠಿಯಲ್ಲಿ, ಚಿಕ್ಕಮ್ಮ ಎನ್ನುವ ಅರ್ಥದ ಮಾವಶಿ ಒಂದನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾವಶಿ, ನಾಯಿ ಬಹಳ ಒಳ್ಳೆಯದು. ನಾನು ಕರೆದರೆ ಬರುವುದಿಲ್ಲ. ಅತ್ತೆ ಬಾ ಎಂದರೆ ಓಡುತ್ತದೆ, ಕುಂದ್ರು ಎಂದರೆ ಕೂರುತ್ತದೆ, ಅವರ ಕಾಲ ಹತ್ತಿರವೇ ಮಲಗುತ್ತದೆ. ಆ ಮನೆಯಲ್ಲಿ ಅವರೆಲ್ಲ ಮಾತಾಡಿಕೊಂಡು ನಗುತ್ತಾರೆ. ನನಗೆ ತಿಳಿಯುವುದಿಲ್ಲ. ನನ್ನ ಗಂಡ ಕಾಳಿನ ಖರೀದಿಗೆ ಊರೂರು ತಿರುಗುತ್ತಾರೆ. ನನ್ನದು ಅಂತ ಒಂದು ಜೀವ ಇರಲಿ ಎಂದು ಕೇಳಿದ್ದೆ. ಅದೂ ಅವರದೇ ಆಯಿತು. ಅತ್ತೆಯ ತಪ್ಪಲ್ಲ, ನಾಯಿಯದೂ ಅಲ್ಲ."

ತಾಟು ಇಡುವವಳು ಇವಳು ಎಂದು ನನಗೆ ಆಗ ಹೊಳೆಯಿತು. ನನ್ನ ಮಾತಿನ ಹಸಿವಿನಲ್ಲಿ ನಾನು ನಾಯಿಯನ್ನು ಬೇರೆಯವರ ಕೈಗೆ ಕೊಟ್ಟು ಬಂದಿದ್ದೆ.

ಅವಳು ಹೋದ ಮೇಲೆ ತಂಗಿ ಸೀದಾ ಮಂಚದ ಕೆಳಗೆ ಹೋಗಿ ಮಲಗಿದಳು. ಗುಂಪಿನ ಹುಡುಗಿಗೆ ಫೋನು ಮಾಡಿದೆ. ನೀವೇ ಇಟ್ಟುಕೊಂಡುಬಿಡಿ ಎಂದು ನಕ್ಕಳು. ನಗುವ ಮಾತಲ್ಲ ಅದು, ನನ್ನ ಮನಸ್ಸಿನ ಮಾತು. ಆ ದಿನವೆಲ್ಲ ನಾನು ಅದನ್ನೇ ಯೋಚಿಸಿದೆ. ಇಟ್ಟುಕೊಂಡರೆ ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಮಾತಾಡಲು ಒಂದು ಜೀವ ಇರುತ್ತದೆ. ಆದರೆ ನನ್ನ ಎರಡು ಖೋಲಿಯ ಮನೆಯಲ್ಲಿ ಗೂಡು ಒಂದೇ. ಇವಳು ಉಳಿದರೆ ಮುಂದಿನ ಗೊಬ್ಬರದ ಚೀಲಕ್ಕೆ ನಾನು ಜಾಗವಿಲ್ಲ ಎನ್ನಬೇಕು. ನಾನು ಗೋದಾಮಿಗೆ ಹೋದರೆ ಇವಳು ಹಗಲಿಡೀ ಒಬ್ಬಳೇ. ಅಲ್ಲಿ ಆ ಸೊಸೆ ತುಂಬಿದ ಮನೆಯಲ್ಲೂ ಹಗಲಿಡೀ ಒಬ್ಬಳೇ. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಾಗಿತ್ತು, ನಡುವೆ ನಾನು ಅಡ್ಡ ನಿಂತಿದ್ದೆ. ಇದು ಗೊತ್ತಾದ ಮೇಲೆ ಬಹಳ ಹೊತ್ತು ಅಳುತ್ತ ಕೂತೆ. ಸಂಜೆ ಸೊಸೆಗೆ ಫೋನು ಮಾಡಿ, ದಿನಾ ಬಾ, ಇಲ್ಲಿಗೇ ಬಂದು ನಿನ್ನ ಕೈಯಿಂದ ಊಟ ಹಾಕು, ಇವಳಿಗೆ ಮರಾಠಿ ಕಲಿಸೋಣ ಎಂದೆ.

ನಾಯಿಗೆ ಹಳೆಯ ಮಾತು ಬಿಡಿಸಿ ಹೊಸದನ್ನು ಕಲಿಸುವ ಕ್ರಮವಿದೆ. ಹೊಸ ಮಾತನ್ನು ಮೊದಲು ಹೇಳಬೇಕು, ಒಂದು ಉಸಿರು ಬಿಟ್ಟು ಹಳೆಯದನ್ನು. ಮೊದಲು "ಬಸ್", ಆಮೇಲೆ "ಕುಂದ್ರು". ಕೂತ ಕೂಡಲೇ ತುತ್ತು. ಹಾಗೆಯೇ "ಯೇ", ಆಮೇಲೆ "ಬಾ". "ಥಾಂಬ್", ಆಮೇಲೆ "ನಿಂದ್ರು". ಎರಡನೆಯ ಮಾತಿಗೆ ಕಾಯದೆ ನಾಯಿ ಮೊದಲನೆಯದಕ್ಕೇ ಕೂರಲು ತೊಡಗಿದಾಗ ಹಳೆಯದನ್ನು ಕೈಬಿಡಬೇಕು. ಹೊಸ ಮಾತು ಸೊಸೆಯದು, ಹಳೆಯದು ನನ್ನದು. ಪ್ರತಿ ಸಲ ನನ್ನ ದನಿಯನ್ನು ಒಂದು ಎಳೆ ತಗ್ಗಿಸುತ್ತ ಹೋಗಬೇಕಾಗಿತ್ತು.

ಮೊದಲು ಎಲ್ಲ ಉಲ್ಟಾ ಆಯಿತು. ಅವಳು ಬಸ್ ಎಂದರೆ ತಂಗಿ ನನ್ನ ಮುಖ ನೋಡುತ್ತಿದ್ದಳು. ನಾನು ಬಾಗಿಲ ಮರೆಗೆ ಹೋಗಿ ನಿಂತೆ, ಬಾಗಿಲನ್ನೇ ನೋಡತೊಡಗಿದಳು. ಒಂದು ದಿನ ಊಟವನ್ನೇ ಬಿಟ್ಟಳು. ಸೊಸೆ ತಾಟು ಸರಿಸಿ, ಆಗುವುದಿಲ್ಲ ಮಾವಶಿ ಎಂದು ಎದ್ದಳು. ಕೂತುಕೋ ಎಂದು ಗದರಿಸಿದೆ. ಗದರಿದ ಮೇಲೆ ನನಗೇ ತಿಳಿಯಿತು: ಅವಳು ಬರುವ ಹೊತ್ತಿಗೆ ಮಾತ್ರ ಮರಾಠಿ, ಉಳಿದ ಹೊತ್ತೆಲ್ಲ ನಾನು ಕನ್ನಡದಲ್ಲಿ ಮುದ್ದು ಮಾಡುತ್ತಿದ್ದರೆ ನಾಯಿ ಯಾಕೆ ಬದಲಾಗಬೇಕು?

ಮರುದಿನದಿಂದ ನಾನು ಮನೆಯಲ್ಲಿ ಬಾಯಿ ಮುಚ್ಚಿದೆ. ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಬರುತ್ತಿದ್ದೆ. ತಂಗಿ ಕಿವಿ ತಿರುಗಿಸಿ ಕಾಯುತ್ತಿದ್ದಳು, ಇವತ್ತು ಲಾರಿ ತಡವಾಯಿತೋ ಇಲ್ಲವೋ ಎಂದು. ನಾನು ಹೇಳುತ್ತಿರಲಿಲ್ಲ. ಅವ್ವ ಹೋದ ಮೊದಲ ವಾರಗಳಲ್ಲಿ ಕೂಡ ಮನೆ ಇಷ್ಟು ನಿಶ್ಶಬ್ದವಾಗಿರಲಿಲ್ಲ. ಆಗ ಬಂದು ಹೋಗುವವರಾದರೂ ಇದ್ದರು. ಪಾತ್ರೆ ತೊಳೆಯುವಾಗ ಒಮ್ಮೆ ಅಯ್ಯ ಎಂದು ಬಾಯಿಗೆ ಬಂದದ್ದನ್ನೂ ನುಂಗಿದೆ.

ನಿಧಾನವಾಗಿ ತಂಗಿ ಸೊಸೆಯ ರಿಕ್ಷಾದ ಸಪ್ಪಳಕ್ಕೆ ಏಳತೊಡಗಿದಳು. ಒಂದು ಸಂಜೆ ಸೊಸೆ ಬಸ್ ಎಂದಳು. ನಾನು ಬಾಗಿಲ ಮರೆಯಿಂದ ಎರಡನೆಯ ಮಾತು ಆಡಬೇಕೆನ್ನುವಷ್ಟರಲ್ಲಿ ತಂಗಿ ಕೂತಾಗಿತ್ತು. ನನ್ನ ಮಾತು ಬೇಕಾಗಲಿಲ್ಲ. ಸೊಸೆ ಅದರ ಕುತ್ತಿಗೆ ತಬ್ಬಿಕೊಂಡು ಮೈನಾ, ಮೈನಾ ಎಂದು ಕರೆದಳು. ಹೆಸರು ಅವಳು ಯಾವಾಗಲೋ ಯೋಚಿಸಿಟ್ಟಿದ್ದಳಂತೆ. ನನಗೆ ಬಹಳ ಸಂತೋಷವಾಯಿತು, ಅಷ್ಟೇ ಹೊಟ್ಟೆಕಿಚ್ಚೂ ಆಯಿತು.

ಒಂದೇ ಒಂದು ಮಾತನ್ನು ಮಾತ್ರ ಬದಲಿಸಬೇಕಾಗಿ ಬರಲಿಲ್ಲ. ಮೆಟ್ಟಿಲು ಇಳಿಸುವಾಗ ಸೊಸೆ ತಾನಾಗಿಯೇ "ಸಾವಕಾಶ, ಸಾವಕಾಶ" ಎಂದಳು. ಮರಾಠಿಯಲ್ಲೂ ಅದು ಹಾಗೆಯೇ. ತಂಗಿ ನಿಂತು, ಕಾಲು ನೋಡಿ ಇಟ್ಟು, ಇಳಿದಳು.

ಇನ್ನು ಉಳಿದವರು ಅತ್ತೆ. ಮನೆಗೆ ಕಳಿಸುವ ಮೊದಲು ಅವರನ್ನು ಕಾಣಬೇಕಾಗಿತ್ತು. ಆ ಸೋಫಾದ ಮೇಲೆಯೇ ಕೂತು ಹೇಳಿದೆ.

"ಅವ್ವಾರ, ನಾಯಿ ಸೊಸಿದು. ಊಟ ಆಕೀನ ಹಾಕ್ಲಿ. ನೀವ ಅದರ ಜೋಡಿ ಮಾತಾಡೂದಾದ್ರ ಮರಾಠಿ ಒಳಗ ಮಾತಾಡ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ನನ್ನ ಮನಿ ಐತಿ ಯವ್ವಾ. ನನ್ನ ಮನ್ಯಾಗ ನಾಯಿ ಮುಂದ ಸೈತ ನನ್ನ ಮಾತು ನಾ ನುಂಗಬೇಕೇನು? ನೀನ ಹೇಳಾಕತ್ತೀ ಇದನ್ನ, ಕನ್ನಡದಾಕಿ?"

"ನಾನೂ ನುಂಗೀನ್ರಿ. ನನ್ನ ಮನ್ಯಾಗ ಈಗ ಕನ್ನಡ ಇಲ್ಲ. ನಾಯಿ ಸಂಬಂಧ ಬಿಟ್ಟೀನಿ."

"ಯಾಕ? ಯಾರು ಹೇಳ್ಯಾರ ನಿನಗ ಬಿಡಾಕ?"

"ಯಾರೂ ಹೇಳಿಲ್ರಿ. ಮನಿ ತುಂಬ ಮಂದಿ ಇದ್ದೂ ಮಾತಿಲ್ದ ಇರೂದು ಎಂಥಾದ್ದು ಅಂತ ನಂಗ ಗೊತ್ತಾಗಿರಲಿಲ್ಲ. ನಂದು ಖಾಲಿ ಮನಿ, ನಂಗ ಮಾತಿಲ್ಲ ಅಂದ್ರ ನಡೀತೈತಿ. ಆಕಿ ತುಂಬಿದ ಮನ್ಯಾಗ ಅದಾಳ. ಆಕಿಗೆ ತನ್ನದು ಅನ್ನಾಕ ಒಂದು ಜೀವಾ ಬೇಕಾಗೈತಿ."

ಎದ್ದು ಹೋಗು ಎನ್ನುತ್ತಾರೆಂದು ನಾನು ಚೀಲ ಕೈಗೆತ್ತಿಕೊಂಡೆ. ಅವರು ಅಡುಗೆಮನೆಯ ಕಡೆ ತಿರುಗಿ, ಸ್ವಲ್ಪ ಒರಟಾಗಿಯೇ, ಮರಾಠಿಯಲ್ಲಿ ಕೂಗಿದರು.

"ತೀನ್ ಕಪ್ ಆಣ್ ಗ. ತುಝಾ ಪಣ್."

ಮೂರು ಕಪ್ಪು ತಾ, ನಿನ್ನದೂ ಎಂದು. ಸೊಸೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದಳು. ಆ ಮನೆಯಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಳಿಸುವ ದಿನ ತಂಗಿಯ ಬೆನ್ನು ತಟ್ಟಿದೆ, ಮಾತಾಡಲಿಲ್ಲ. ರಿಕ್ಷಾದಲ್ಲಿ ಮೈನಾ ಸೊಸೆಯ ತೊಡೆಯ ಮೇಲೆ ತಲೆಯಿಟ್ಟಳು, ಒಮ್ಮೆ ನನ್ನ ಕಡೆ ನೋಡಿದಳು, ರಿಕ್ಷಾ ತಿರುಗಿತು. ನಾಯಿ ಹೊಸ ಮನೆಯಲ್ಲಿ ಬೇರೂರುವವರೆಗೆ ಫಾಸ್ಟರ್ ಆದವರು ಅಲ್ಲಿಗೆ ಹೋಗಬಾರದೆಂದು ಗುಂಪಿನ ನಿಯಮ. ಹಾಗಾಗಿ ನಾಯಿಯ ಜೊತೆಗೆ ಕನ್ನಡ ಮಾತಿನ ಆ ಸೋಫಾವೂ ನನ್ನ ಕೈತಪ್ಪಿತು.

ಒಂದು ದಿನ ಗೋದಾಮಿನ ಊಟದ ಹೊತ್ತಿಗೆ ಅತ್ತೆಯೇ ಫೋನು ಮಾಡಿದರು.

"ಏನ್ ಕಲಿಸಿದಿ ಯವ್ವಾ ನೀ? ಈಗ ನಾ ಕರದ್ರ ಬರಾಂಗಿಲ್ಲ ನೋಡು ಅದು. ಬಾ ಅಂತೀನಿ, ಸೊಸಿ ಮಾರಿ ನೋಡ್ತೈತಿ."

"ಛಲೋ ಆತ್ರಿ," ಎಂದೆ.

"ಛಲೋ ಆತು," ಎಂದು ಅವರೂ ಅಂದರು. "ಈಗ ಆಕಿ ನಗ್ತಾಳವಾ. ಅಡಗಿಮನ್ಯಾಗ ಒಬ್ಬಾಕೀನ ಅದರ ಜೋಡಿ ಮಾತಾಡ್ಕೋತ ನಗ್ತಾಳ. ನಂಗ ಒಂದೂ ತಿಳ್ಯಾಂಗಿಲ್ಲ, ಮರಾಠಿ ಅಷ್ಟು ಲಗು ಲಗು ಮಾತಾಡ್ತಾಳ," ಎಂದರು. ಇನ್ನಷ್ಟು ಮಾತಾಡಲಿ ಎಂದು ನಾನು ಕಾದೆ. ಯಾರೋ ಬಂದರೆಂದು ಫೋನಿಟ್ಟರು.

ಅದೇ ವಾರ ಎಂಐಡಿಸಿಯ ಗೇಟಿನ ಹತ್ತಿರ ಒಂದು ಗಂಡು ನಾಯಿ ಸಿಕ್ಕಿತು. ಸೊಂಟಕ್ಕೆ ಪೆಟ್ಟು. ಮಂಚದ ಕೆಳಗಿನ ಹಲಗೆಗಳನ್ನು ತೊಳೆದು ಮತ್ತೆ ಕಟ್ಟಿದೆ, ಹೊಸ ಟವೆಲ್ ತಂದೆ. ಸಂಜೆ ಅದನ್ನು ಮೊದಲ ಸಲ ಅಂಗಳಕ್ಕೆ ಕರೆದೊಯ್ಯಬೇಕಾಗಿತ್ತು. ಬಾ ತಮ್ಮಾ ಎಂದು ಬಾಯಿಯ ತುದಿಗೆ ಬಂದಿತ್ತು. ಇವನು ನಾಳೆ ಹೋಗುವ ಮನೆಯ ಮಾತು ಯಾವುದೋ. ಅದು ಮಂಚದ ಕೆಳಗಿನಿಂದ ನನ್ನ ಬಾಯನ್ನೇ ನೋಡುತ್ತಿತ್ತು, ಮೊದಲು ಬರುವ ಮಾತು ಯಾವುದೆಂದು.

"ಯೇ," ಎಂದೆ.

ತೆವಳುತ್ತ ಬಂತು. ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ, ಎರಡೂ ತುದಿ ಹಿಡಿದು ಎತ್ತಿದೆ. ಹೊಸ್ತಿಲು ದಾಟುವಾಗ, ಎರಡೂ ಭಾಷೆಯಲ್ಲಿರುವ ಆ ಮಾತೊಂದಕ್ಕೆ ಯಾರದೂ ಅಡ್ಡಿಯಿಲ್ಲವಲ್ಲ ಎಂದು, ಅವ್ವ ಹೇಳುತ್ತಿದ್ದ ಹಾಗೆಯೇ ಎಳೆದು ಹೇಳಿದೆ: ಸಾವಕಾಶ.